ಬಡತನದ ಲೆಕ್ಕ ಹೊಸಿಲಲ್ಲೇ ನಿಲ್ಲಬಾರದು

(ಗ್ರಾಮೀಣ ದುಡಿಯುವ ಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರದಲ್ಲಿ ನಿನ್ನೆಯಿಂದ ಬಡತನವನ್ನು ಕುರಿತು ಅನೇಕ ಮಾತುಗಳು ಬಂದಿವೆ. ಬೆಳೆಗೆ ಬೆಲೆಯಿಲ್ಲ, ಗೊಬ್ಬರದ ಬೆಲೆ ಏರಿದೆ, ಬ್ಯಾಂಕಿನ ಸಾಲ ತೀರುತ್ತಿಲ್ಲ ಎಂದು ಗೆಳೆಯರು ಹೇಳಿದರು. ಎಲ್ಲವೂ ನಿಜವೇ. ಆದರೆ ಆ ಮಾತುಗಳಲ್ಲೆಲ್ಲ ಬಡತನವು ಊರಿನ ಒಳಗೆ ಬಂದು, ಬೀದಿಯಲ್ಲಿ ನಡೆದು, ಮನೆಯ ಹೊಸಿಲಿನ ತನಕ ಬಂದು ನಿಂತುಬಿಡುತ್ತದೆ. ಹೊಸಿಲು ದಾಟಿ ಅಡಿಗೆಮನೆಯವರೆಗೆ ಹೋಗುವುದಿಲ್ಲ. ಇಂದು ನಮಗೆ ಒಪ್ಪಿಸಿರುವ ವಿಷಯ ಹಳ್ಳಿಯ ಮನೆಗಳಲ್ಲಿ ಹೆಣ್ಣಿನ ಬಡತನ. ಅಂದಮೇಲೆ ಹೊಸಿಲಿನ ಆಚೆಗೂ ಲೆಕ್ಕ ತೆಗೆದುಕೊಂಡು ಹೋಗುವುದು ನಮ್ಮ ಕೆಲಸ.

ಬಡತನದ ಲೆಕ್ಕ ಎಂದೊಡನೆ ಸಮಾಜವಾದಿಗಳಿಗೆ 1963ರ ಆಗಸ್ಟ್ ತಿಂಗಳು ನೆನಪಾಗುತ್ತದೆ. ಲೋಕಸಭೆಯಲ್ಲಿ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯದ ಚರ್ಚೆ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಡಾ. ರಾಮಮನೋಹರ ಲೋಹಿಯಾ ಹೇಳಿದರು. ಮೂರಾಣೆಯಲ್ಲ, ಹದಿನೈದಾಣೆ ಎಂದು ಸರ್ಕಾರದ ಕಡೆಯವರು ಯೋಜನಾ ಆಯೋಗದ ಅಂಕಿಗಳನ್ನು ಮುಂದಿಟ್ಟರು. ಆ ವಾದದ ತಿರುಳೇನು? ಸಾಹುಕಾರನ ವರಮಾನವನ್ನೂ ಕೂಲಿಯವನ ವರಮಾನವನ್ನೂ ಕೂಡಿಸಿ ಭಾಗಿಸಿದರೆ ಬರುವ ಸರಾಸರಿ ಒಂದು ಸುಳ್ಳು. ಆ ಸುಳ್ಳನ್ನು ಒಡೆದು ನೋಡಿ, ಕೆಳಗಿರುವವನ ಗಂಟಲಿಗೆ ನಿಜವಾಗಿ ಇಳಿಯುವುದೆಷ್ಟು ಎಂದು ಕೇಳಿ. ಲೋಹಿಯಾ ಮಾಡಿದ್ದು ಅದನ್ನೇ.

ಅದೇ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ದೇಶದ ಸರಾಸರಿ ಸುಳ್ಳಾದರೆ, ಮನೆಯ ಸರಾಸರಿ ಮಾತ್ರ ನಿಜವೇ? 2023-24ರ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ತಲೆಯೊಂದಕ್ಕೆ ತಿಂಗಳ ವೆಚ್ಚ 4,122 ರೂಪಾಯಿ. ಪಟ್ಟಣಗಳಲ್ಲಿ 6,996 ರೂಪಾಯಿ. ಈ ಲೆಕ್ಕ ಹೇಗೆ ಬರುತ್ತದೆ? ಮನೆಯೊಂದರಲ್ಲಿ ಇಷ್ಟು ಅಕ್ಕಿ, ಇಷ್ಟು ಎಣ್ಣೆ, ಇಷ್ಟು ಬಟ್ಟೆ, ಇಷ್ಟು ಔಷಧ ಎಂದು ಬರೆದುಕೊಂಡು, ಒಟ್ಟು ಮೊತ್ತವನ್ನು ಮನೆಯ ಜನರ ಸಂಖ್ಯೆಯಿಂದ ಭಾಗಿಸುತ್ತಾರೆ. ಐದು ಜನರ ಮನೆಯಲ್ಲಿ ಐವರಿಗೂ ಸಮಪಾಲು ಎಂದು ಕಾಗದ ಹೇಳುತ್ತದೆ. ಹಾಲು ಯಾರ ಲೋಟಕ್ಕೆ ಹೋಯಿತು, ಮೀನಿನ ತುಂಡು ಯಾರ ಎಲೆಗೆ ಬಿತ್ತು, ಜ್ವರ ಬಂದಾಗ ಯಾರನ್ನು ಆಸ್ಪತ್ರೆಗೆ ಕರೆದೊಯ್ದರು, ಯಾರಿಗೆ ಕಷಾಯ ಕುಡಿಸಿ ಮಲಗಿಸಿದರು, ಇದಾವುದೂ ಆ ಕಾಗದಕ್ಕೆ ಗೊತ್ತಿಲ್ಲ. ಬಡತನದ ರೇಖೆಯ ಮೇಲಿದೆ ಎಂದು ಬರೆಸಿಕೊಂಡ ಮನೆಯೊಳಗೇ ಆ ರೇಖೆಯ ಕೆಳಗೆ ಬದುಕುತ್ತಿರುವ ಹೆಂಗಸು ಇರಬಹುದು. ಅವಳನ್ನು ಯಾವ ಪಟ್ಟಿಯೂ ಹಿಡಿಯುವುದಿಲ್ಲ.

ನಮ್ಮ ಜಿಲ್ಲೆಯ ಜನಕ್ಕೆ ಇದನ್ನು ತಿಳಿಸುವುದು ಕಷ್ಟವಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವ ಮಾತಿಗೆ? ಕೊಳಗದ ಅಳತೆಯ ಮಾತಿಗೆ. ಗೇಣಿ ಅಳೆದುಕೊಳ್ಳುವಾಗ ಧಣಿಯ ಮನೆಯ ಕೊಳಗ ದೊಡ್ಡದಾಗುತ್ತಿತ್ತು. ಬತ್ತ ಬೆಳೆದವನ ಕಣಜ ಬರಿದಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಆ ಗೇಣಿದಾರರನ್ನು ಸಂಘಟಿಸಿದರು. ಸಮಾಜವಾದಿಗಳು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಸೆರೆಯಾದರು. ಒಂದೇ ವಸ್ತುವನ್ನು ಅಳೆಯಲು ಎರಡು ಕೊಳಗ ಇರಕೂಡದು ಎಂಬುದು ಆ ಸತ್ಯಾಗ್ರಹದ ಸರಳವಾದ ನ್ಯಾಯ. ನಾವು ಇಂದು ಹೇಳಬೇಕಾದ್ದೂ ಅಷ್ಟೆ. ಮನೆಯೊಳಗೂ ಎರಡು ಕೊಳಗಗಳಿವೆ. ಅನ್ನಕ್ಕೆ ಎರಡು, ದುಡಿಮೆಗೆ ಎರಡು, ಕೂಲಿಗೆ ಎರಡು, ಭೂಮಿಗೆ ಎರಡು. ಒಂದೊಂದನ್ನೂ ನೋಡೋಣ.

ಮೊದಲು ಅನ್ನ. ಹಳ್ಳಿಯ ಹೆಚ್ಚು ಮನೆಗಳಲ್ಲಿ ಊಟದ ಕ್ರಮ ಯಾವುದು? ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಕಟ್ಟಕಡೆಗೆ ಸೊಸೆ. ಪಾತ್ರೆ ತುಂಬಿದ್ದ ದಿನ ಈ ಕ್ರಮದಿಂದ ಯಾರಿಗೂ ಕೇಡಿಲ್ಲ. ಪಾತ್ರೆಯಲ್ಲಿ ಕಡಮೆ ಇದ್ದ ದಿನ ಕಡಮೆಯೆಲ್ಲವೂ ಕೊನೆಗೆ ಉಂಡವಳ ಪಾಲು. ಸಾರಿನಲ್ಲಿ ಕಾಳು ಮುಗಿದಿರುತ್ತದೆ, ತಿಳಿ ಉಳಿದಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ರಕ್ತಹೀನರು.

ಹೆಣ್ಣಿನ ದೇಹಧರ್ಮದಲ್ಲೇ ರಕ್ತನಷ್ಟವಿದೆ, ಬಸಿರು ಬಾಣಂತನಗಳಿವೆ, ಆದ್ದರಿಂದ ಈ ವ್ಯತ್ಯಾಸ ಎಂದು ಹೇಳುವವರುಂಟು. ದೇಹಧರ್ಮದ ಮಾತು ಸುಳ್ಳಲ್ಲ. ಆದರೆ ಅದರಿಂದ ಬರುವ ತೀರ್ಮಾನವೇನು? ಯಾರ ದೇಹ ಹೆಚ್ಚು ಕಳೆದುಕೊಳ್ಳುತ್ತದೆಯೋ ಅವರಿಗೆ ಹೆಚ್ಚು ತುಂಬಿಕೊಡಬೇಕು. ಸೊಪ್ಪು, ಕಾಳು, ಮೊಟ್ಟೆ, ಮಾಂಸ ಅವಳ ತಟ್ಟೆಗೆ ಮೊದಲು ಬೀಳಬೇಕು. ನಾವು ಕಟ್ಟಿಕೊಂಡಿರುವ ಪದ್ಧತಿ ಇದಕ್ಕೆ ತಿರುಗಾಮುರುಗಾ. ಹಾಲು ಕರೆಯುವ ಹಸುವಿಗೆ ಹಿಂಡಿ ಹೆಚ್ಚಿಗೆ ಇಡಬೇಕೆಂದು ಯಾವ ರೈತನಿಗೂ ಯಾರೂ ಕಲಿಸಬೇಕಾಗಿಲ್ಲ. ಆ ಬುದ್ಧಿ ಕೊಟ್ಟಿಗೆಯಲ್ಲಿದ್ದು ಅಡಿಗೆಮನೆಯಲ್ಲಿ ಇಲ್ಲದೆ ಹೋದದ್ದು ಏಕೆ?

ಎರಡನೆಯದು ದುಡಿಮೆ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಹಳ್ಳಿಗಳಲ್ಲಿ ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 301 ನಿಮಿಷ, ಅಂದರೆ ಐದು ಗಂಟೆ ಸವೆಸುತ್ತಾಳೆ. ಮನೆಗೆಲಸಕ್ಕೆ ಕೈಹಾಕುವ ಗಂಡಸು 98 ನಿಮಿಷ. ಅಂಥ ಗಂಡಸರು ಸಿಗುವುದಾದರೂ ಸುಮಾರು ನಾಲ್ವರಿಗೊಬ್ಬರು. ಈ ಐದು ಗಂಟೆಗೆ ಕೂಲಿಯಿಲ್ಲ, ವಾರದ ರಜೆಯಿಲ್ಲ, ಮುದುಕಿಯಾದ ಮೇಲೆ ನಿವೃತ್ತಿಯೂ ಇಲ್ಲ. ಮಗು ನೋಡುವುದು, ಹಾಸಿಗೆ ಹಿಡಿದ ಮಾವನ ಆರೈಕೆ ಮಾಡುವುದು ಇದರ ಲೆಕ್ಕದಲ್ಲಿ ಸೇರಿಲ್ಲ, ಅದು ಬೇರೆ. ಗದ್ದೆಯ ಕೆಲಸ, ಕೂಲಿಯ ಕೆಲಸ ಅದಕ್ಕೂ ಬೇರೆ.

ಹೆಣ್ಣು ಗದ್ದೆಯಲ್ಲಿ ಏನು ಮಾಡುತ್ತಾಳೆ ಎಂದು ಇಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಸಸಿ ಕೀಳುವವಳು ಅವಳು, ನಾಟಿ ಮಾಡುವವಳು ಅವಳು, ಕಳೆ ತೆಗೆಯುವವಳು ಅವಳು, ಕೊಯ್ಯುವವಳು, ಕೇರುವವಳು, ಬೀಜ ಕಾದಿಡುವವಳು ಅವಳು. ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಬೇಸಾಯದಲ್ಲಿದ್ದಾರೆಂದು ಸರ್ಕಾರದ ಸಮೀಕ್ಷೆಗಳೇ ಹೇಳುತ್ತವೆ. ಗಂಡಸರು ಕೂಲಿ ಹುಡುಕಿಕೊಂಡು ಬೆಂಗಳೂರಿಗೆ, ಮಂಗಳೂರಿಗೆ ಹೋದ ಮೇಲೆ ಹೊಲದ ಹೊರೆ ಇನ್ನಷ್ಟು ಅವಳ ಮೇಲೆ ಬಿದ್ದಿದೆ. ಮಲೆನಾಡಿನ ಅಡಿಕೆ ಸೀಮೆಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಹಗಲು ಮನೆಗೆಲಸ ಮುಗಿಸಿ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು ಅಳತೆಯ ಲೆಕ್ಕದಲ್ಲಿ ಕೂಲಿ ಪಡೆದವರು ಹೆಂಗಸರೇ.

ಈಗ ಯಂತ್ರ ಬಂದಿದೆ. ಅಡಿಕೆ ಸುಲಿಯುವ ಯಂತ್ರ, ನಾಟಿ ಯಂತ್ರ, ಕೊಯ್ಲಿನ ಯಂತ್ರ, ಕಳೆಗೆ ಔಷಧ. ಯಂತ್ರವನ್ನು ನಾವು ವಿರೋಧಿಸುವವರಲ್ಲ. ಬೆನ್ನು ಬಗ್ಗಿಸಿ ಕೆಸರಿನಲ್ಲಿ ನಿಲ್ಲುವ ಕಷ್ಟ ತಪ್ಪಿದರೆ ಸಂತೋಷವೇ. ಆದರೆ ಒಂದು ಸಂಗತಿ ಗಮನಿಸಿ. ಯಂತ್ರ ಕಿತ್ತುಕೊಂಡದ್ದು ಬಹುಮಟ್ಟಿಗೆ ಹೆಣ್ಣಾಳಿನ ಕೆಲಸವನ್ನು. ಯಂತ್ರ ನಡೆಸುವ ಕೆಲಸ ಸಿಕ್ಕಿದ್ದು ಗಂಡಾಳಿಗೆ. ಯಂತ್ರದ ಬಾಡಿಗೆ ಸಿಕ್ಕಿದ್ದು ಉಳ್ಳವನಿಗೆ. ಹೊರೆ ಇಳಿದ ಹಾಗೆ ಕಂಡಿತು. ಇಳಿದದ್ದು ಕೂಲಿಯೂ ಹೌದು. ಒಲೆ, ನೀರು, ಸಗಣಿ, ಬಟ್ಟೆ ಇವುಗಳ ಹೊರೆ ಇದ್ದಲ್ಲೇ ಇದೆ.

ಒಲೆಯ ಮಾತು ಬಂತು. ಒಲೆಯ ಹೊಗೆಯನ್ನೂ ಹೆಂಗಸರ ಶೌಚಾಲಯವನ್ನೂ ರಾಜಕೀಯದ ಪ್ರಶ್ನೆಗಳೆಂದು ಲೋಹಿಯಾ ಎತ್ತಿದಾಗ ದೊಡ್ಡ ಮನುಷ್ಯರು ಮುಗುಳ್ನಕ್ಕರು. ಇಂದು ಸಿಲಿಂಡರು ಬಂದಿದೆ. 2016ರಲ್ಲಿ ಅದಕ್ಕೊಂದು ಯೋಜನೆಯೂ ಆಯಿತು. ಆದರೂ 2019-21ರ ಅದೇ ಆರೋಗ್ಯ ಸಮೀಕ್ಷೆಯಲ್ಲಿ ಅಡಿಗೆಗೆ ಹೊಗೆರಹಿತ ಇಂಧನ ಬಳಸುವ ಮನೆಗಳು ಹಳ್ಳಿಗಳಲ್ಲಿ ನೂರಕ್ಕೆ 43 ಮಾತ್ರ. ಸಿಲಿಂಡರು ಮೂಲೆಯಲ್ಲಿ ಇದ್ದರೂ ಮತ್ತೆ ತುಂಬಿಸಲು ದುಡ್ಡು ಬೇಕು, ಸೌದೆಗೆ ದುಡ್ಡಿಲ್ಲ. ಸೌದೆಗೆ ದುಡ್ಡಿಲ್ಲ ಎನ್ನುವುದು ಏಕೆ? ಅದನ್ನು ತರುವವಳ ಹೊತ್ತಿಗೆ ಬೆಲೆಯಿಲ್ಲ, ಅದರಿಂದ. ನೀರಿನ ಮಾತೂ ಹೀಗೆಯೇ. 1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬರು ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಹಾಕಿಸಿದಾಗ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಆ ಹೆಸರು ಪ್ರೀತಿಯಿಂದ ಬಂದದ್ದು. ಕೊಡ ಹೊತ್ತ ಸೊಂಟಗಳಿಗೆ ಅದರ ಅರ್ಥ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮೂರನೆಯದು ಕೂಲಿ. 1976ರಲ್ಲಿ ದೇಶಕ್ಕೆ ಸಮಾನ ವೇತನದ ಕಾನೂನು ಬಂತು. ಒಂದೇ ಕೆಲಸಕ್ಕೆ ಒಂದೇ ಕೂಲಿ. ಆದರೆ ಹಳ್ಳಿಗಳಲ್ಲಿ ಗಂಡಾಳು, ಹೆಣ್ಣಾಳು ಎಂಬ ಎರಡು ದರಗಳು ಹೋಗಿಲ್ಲ. ಕೇಳಿದರೆ, ಕೆಲಸ ಬೇರೆ ಬೇರೆ ಎನ್ನುತ್ತಾರೆ. ಗಂಡು ಗುಂಡಿ ತೋಡುತ್ತಾನೆ, ಹೆಣ್ಣು ಕಳೆ ಕೀಳುತ್ತಾಳೆ; ಒಂದು ಭಾರದ ಕೆಲಸ, ಇನ್ನೊಂದು ಹಗುರದ್ದು. ಮಳೆಯಲ್ಲಿ ಎಂಟು ಗಂಟೆ ಸೊಂಟ ಬಗ್ಗಿಸಿ ನಾಟಿ ಮಾಡುವುದು ಹಗುರವೆಂದು ತೀರ್ಪು ಕೊಟ್ಟವರು ಯಾರು? ನಾಟಿ ಮಾಡದವರು! ಕೆಲಸದ ಭಾರವನ್ನು ನೋಡಿ ಕೂಲಿ ಗೊತ್ತಾದದ್ದಲ್ಲ. ಮಾಡುವವರು ಹೆಂಗಸರೆಂದು ಕೂಲಿ ಇಳಿಯಿತು, ಕೂಲಿ ಇಳಿದದ್ದಕ್ಕೆ ಕೆಲಸವನ್ನು ಹಗುರವೆಂದು ಕರೆದರು.

ಈ ಎರಡು ದರಗಳಿಗೆ ಪೆಟ್ಟು ಕೊಟ್ಟದ್ದು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾನೂನು. ಅಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ದರ. ಆ ಕೆಲಸಕ್ಕೆ ಬಂದವರಲ್ಲಿ ದೇಶದಾದ್ಯಂತ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಸರ್ಕಾರಿ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳುವ ಬಾಯಿ ಅವಳಿಗೆ ಬಂದ ದಿನ ಊರಿನ ಉಳ್ಳವರೂ ಹೆಣ್ಣಾಳಿನ ದರ ಏರಿಸಬೇಕಾಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾನೂನಿನ ಜಾಗಕ್ಕೆ ಬೇರೊಂದನ್ನು ತಂದಿತು. ದಿನಗಳನ್ನು 100ರಿಂದ 125ಕ್ಕೆ ಏರಿಸಿದ್ದೇವೆ ಎಂದಿತು. ಆದರೆ ಬಿತ್ತನೆ ಕೊಯ್ಲುಗಳ ಹಂಗಾಮಿನಲ್ಲಿ 60 ದಿನಗಳವರೆಗೆ ಕೆಲಸ ನಿಲ್ಲಿಸಲು ಅದರಲ್ಲೇ ಅವಕಾಶವಿದೆ. ಯಾವಾಗ ಆಳಿಗೆ ಬೇಡಿಕೆ ಹೆಚ್ಚೋ, ಯಾವಾಗ ಅವಳು ಹೆಚ್ಚಿನ ಕೂಲಿ ಕೇಳಬಹುದೋ, ಆಗಲೇ ಬೇರೆ ದಾರಿ ಮುಚ್ಚುವುದು. ಇದರ ಲಾಭ ಯಾರಿಗೆ ಎಂದು ಹೇಳಲು ಅರ್ಥಶಾಸ್ತ್ರ ಓದಬೇಕಾಗಿಲ್ಲ.

ನಾಲ್ಕನೆಯದು ಭೂಮಿ. ಎಲ್ಲಕ್ಕೂ ಮೂಲ ಇದೇ. 1951ರಲ್ಲಿ ಕಾಗೋಡಿನ ರೈತರು ಸೆರೆಮನೆ ತುಂಬುತ್ತಿದ್ದ ಅದೇ ವರ್ಷ ದೆಹಲಿಯಲ್ಲಿ ಡಾ. ಅಂಬೇಡ್ಕರ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಹಿಂದೂ ಕಾನೂನು ಸಂಹಿತೆಯನ್ನು ಸರ್ಕಾರ ಕೈಬಿಟ್ಟದ್ದು ಅದಕ್ಕೊಂದು ಮುಖ್ಯ ಕಾರಣ. ಈ ಎರಡು ಘಟನೆಗಳನ್ನು ನಾವು ಬೇರೆ ಬೇರೆ ಪಾಠಗಳಲ್ಲಿ ಓದುತ್ತೇವೆ. ಎರಡೂ ಒಂದೇ ಪ್ರಶ್ನೆ. ದುಡಿದವರಿಗೆ ನೆಲದ ಹಕ್ಕು ಇದೆಯೋ ಇಲ್ಲವೋ? ಒಂದು ಕಡೆ ಗೇಣಿದಾರ ಕೇಳಿದ, ಇನ್ನೊಂದು ಕಡೆ ಮಗಳ ಪರವಾಗಿ ಅಂಬೇಡ್ಕರ್ ಕೇಳಿದರು.

ಗೇಣಿದಾರನಿಗೆ ಉತ್ತರ ಸಿಕ್ಕಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ದೇವರಾಜ ಅರಸರ ಕಾಲದ ಭೂನ್ಯಾಯ ಮಂಡಳಿಗಳು, ಲಕ್ಷಾಂತರ ಒಕ್ಕಲುಗಳಿಗೆ ನೆಲದ ಒಡೆತನ ಕೊಟ್ಟವು. ಅದು ಈ ನಾಡಿನ ದೊಡ್ಡ ಗೆಲುವು. ಅದನ್ನು ಹಗುರಾಗಿ ಮಾತನಾಡುವವರು ನಾವಲ್ಲ. ಆದರೆ ಆ ಘೋಷಣೆಯನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಿ: ಉಳುವವನೇ ಹೊಲದೊಡೆಯ. ಉಳುವವನು! ನೇಗಿಲು ಹಿಡಿಯುವುದು ಹೆಣ್ಣಿಗೆ ಸಲ್ಲದು ಎಂದು ಊರು ಮೊದಲೇ ತೀರ್ಮಾನಿಸಿತ್ತು. ನೇಗಿಲು ಹಿಡಿದವನೇ ಬೇಸಾಯಗಾರ ಎಂದಾದ ಮೇಲೆ, ನಟ್ಟವಳು, ಕಳೆ ಕಿತ್ತವಳು, ಕೊಯ್ದವಳು ಯಾರು? ಗೇಣಿಯ ಅರ್ಜಿ ಮನೆಯ ಯಜಮಾನನ ಹೆಸರಿನಲ್ಲಿ ಹೋಯಿತು, ಪಹಣಿ ಅವನ ಹೆಸರಿನಲ್ಲಿ ಬಂತು. ಧಣಿಯಿಂದ ಒಕ್ಕಲಿನ ತನಕ ಇಳಿದು ಬಂದ ಭೂಮಿ ಗಂಡನಿಂದ ಹೆಂಡತಿಯ ತನಕ ಬರಲಿಲ್ಲ.

ಮಗಳ ಪ್ರಶ್ನೆಗೆ ಉತ್ತರ ಬರಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 1956ರ ಉತ್ತರಾಧಿಕಾರ ಕಾನೂನು ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ಗೇಣಿ ಭೂಮಿಯ ಕಾನೂನುಗಳನ್ನು ತನ್ನಿಂದ ಹೊರಗಿಟ್ಟಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳು ಅದರ ಹೊರಗೆ ಉಳಿದರು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಮಗಳೂ ಮಗನಷ್ಟೇ ಹಕ್ಕುದಾರಳಾದಳು. ತಂದೆ ಆ ದಿನ ಬದುಕಿರಬೇಕಿತ್ತೇ ಎಂಬ ತಕರಾರು ಇನ್ನೂ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಲಿ ತೀರಿಕೊಂಡಿರಲಿ ಮಗಳಿಗೆ ಪಾಲುಂಟು ಎಂದು ಹೇಳಿತು. ಈಗ ಕಾನೂನಿನಲ್ಲಿ ಮಗಳ ಹಕ್ಕಿಗೆ ಸಂದೇಹವಿಲ್ಲ.

ಹಾಗಾದರೆ ಪಹಣಿಯಲ್ಲಿ ಏನಿದೆ? 2015-16ರ ಕೃಷಿ ಗಣತಿಯಲ್ಲಿ ದೇಶದ ಒಟ್ಟು ಹಿಡುವಳಿಗಳಲ್ಲಿ ಹೆಂಗಸರು ನಡೆಸುವಂಥವು ನೂರಕ್ಕೆ 14ರ ಆಸುಪಾಸು. ವಿಸ್ತೀರ್ಣದಲ್ಲಿ ಅದಕ್ಕೂ ಕಡಮೆ. ಕಾನೂನು ಕೊಟ್ಟದ್ದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಅಣ್ಣತಮ್ಮಂದಿರು ವಾಪಸು ಬರೆಸಿಕೊಳ್ಳುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ರುಜು. ಬದಲಿಗೆ ಒಂದು ಸೀರೆ, ಹಬ್ಬಕ್ಕೆ ಅರಿಶಿನ ಕುಂಕುಮ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹಿಂದಿರುಗಲು ಇರುವುದು ಅದೊಂದೇ ಬಾಗಿಲು. ಯೋಚಿಸಿ ನೋಡಿ: ಅವಳಿಗೆ ಸ್ವಂತದ ಎರಡೆಕರೆ ಇದ್ದಿದ್ದರೆ ಆ ಬಾಗಿಲಿನ ದಾಕ್ಷಿಣ್ಯಕ್ಕೆ ಅವಳು ಬೀಳಬೇಕಾಗಿತ್ತೇ? ಹಕ್ಕಿಲ್ಲದ್ದರಿಂದ ಭಯ, ಭಯದಿಂದ ಹಕ್ಕು ಬಿಡುವುದು. ಈ ಗಾಣದಲ್ಲಿ ಅವಳು ಸುತ್ತುತ್ತಿದ್ದಾಳೆ.

ಪಹಣಿಯಲ್ಲಿ ಹೆಸರಿಲ್ಲ ಎಂದರೆ ಏನು ನಷ್ಟ, ಮನೆ ಒಂದೇ ಅಲ್ಲವೇ ಎನ್ನಬೇಡಿ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಸಹಕಾರ ಸಂಘದಲ್ಲಿ ಬೆಳೆಸಾಲವಿಲ್ಲ. 2019ರಿಂದ ಕೊಡುತ್ತಿರುವ ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಹಾಯಧನ ಹೋಗುವುದು ಜಮೀನು ಹೆಸರಿನಲ್ಲಿ ಇದ್ದವನ ಖಾತೆಗೆ. ಬೆಳೆಹಾನಿಯ ಪರಿಹಾರಕ್ಕೂ ಬೆಳೆವಿಮೆಗೂ ಮೊದಲು ಕೇಳುವುದು ಪಹಣಿಯನ್ನೇ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಅಲೆಯುವ ವಿಧವೆಯರನ್ನು ನೀವು ಕಂಡಿದ್ದೀರಿ. ಮೈದುನ ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಹೊಲದಲ್ಲಿ ರೈತಳಾಗಿ ಬೆವರು ಸುರಿಸಿದವಳು ಕಡತದಲ್ಲಿ ರೈತನ ಹೆಂಡತಿ ಮಾತ್ರ.

ಅವಳ ಹೆಸರನ್ನು ಧಾರಾಳವಾಗಿ ಬರೆಸಿಕೊಳ್ಳುವ ಪುಸ್ತಕವೊಂದಿದೆ. ಅದು ಸಾಲದ ಪುಸ್ತಕ. ಭೂಮಿಯ ಸಾಲ ಗಂಡನಿಗೆ, ಭೂಮಿಯಿಲ್ಲದ ಸಾಲ ಹೆಂಡತಿಗೆ. ಗುಂಪು ಮಾಡಿಸಿ, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕೆಂದು ಹೇಳಿ, ವಾರವಾರವೂ ವಸೂಲಿ ಮಾಡುವ ಕಿರುಸಾಲದ ಕಂಪನಿಗಳು ಹಳ್ಳಿಗಳನ್ನು ತುಂಬಿವೆ. ಹೆಣ್ಣು ಮಾನಕ್ಕೆ ಅಂಜುತ್ತಾಳೆ ಎಂಬುದೇ ಅವರ ಅಡಮಾನ. 2022ರ ಏಪ್ರಿಲಿನಿಂದ ರಿಸರ್ವ್ ಬ್ಯಾಂಕು ಈ ಸಾಲಗಳ ಬಡ್ಡಿಯ ಮೇಲಿನ ಮಿತಿಯನ್ನು ತೆಗೆದುಹಾಕಿತು. ಮನೆಯ ತಿಂಗಳ ವರಮಾನದ ಅರ್ಧದಷ್ಟು ಕಂತಿಗೆ ಹೋಗಬಹುದು ಎಂದಿತು. ಬಡವರ ಮನೆಯಲ್ಲಿ ಅರ್ಧ ವರಮಾನ ಕಂತಿಗೆ ಹೋದರೆ ಉಳಿದ ಅರ್ಧದಲ್ಲಿ ಯಾರ ಊಟ ಮೊದಲು ಕಡಮೆಯಾಗುತ್ತದೆ? 2025ರ ಆರಂಭದಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಪ್ರಾಣಗಳೂ ಹೋದವು. ಆ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಕುಳದ ವಸೂಲಿಗೆ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ ಎಂಬ ಸುಗ್ರೀವಾಜ್ಞೆ ತಂದಿತು. ಒಳ್ಳೆಯದು. ಆದರೆ ಆಸ್ಪತ್ರೆಗೆ, ಮದುವೆಗೆ, ಹಳೆಯ ಕಂತಿಗೆ ಅವಳು ಸಾಲ ಮಾಡಬೇಕಾದ ಸ್ಥಿತಿ ಹಾಗೇ ಇದ್ದರೆ ಒಂದು ಬಾಗಿಲು ಮುಚ್ಚಿದಾಗ ಅವಳು ಇನ್ನೊಂದು ಬಾಗಿಲು ತಟ್ಟುತ್ತಾಳೆ.

ಈಗಿನ ಸರ್ಕಾರಿ ಯೋಜನೆಗಳ ವಿಷಯದಲ್ಲಿ ನ್ಯಾಯವಾದ ಮಾತು ಹೇಳಬೇಕು. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಅದೇ ಆಗಸ್ಟ್ 30ರಂದು ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಇದನ್ನು ಭಿಕ್ಷೆ ಎಂದು ಜರೆಯುವ ಪಟ್ಟಣದ ಬುದ್ಧಿವಂತರ ಜೊತೆಗೆ ನಾವಿಲ್ಲ. ದಿನಕ್ಕೆ ಐದು ಗಂಟೆ ಕೂಲಿಯಿಲ್ಲದೆ ದುಡಿದವಳಿಗೆ ಎರಡು ಸಾವಿರ ಭಿಕ್ಷೆಯಲ್ಲ. ಹಳೆಯ ಬಾಕಿಯ ಒಂದು ಚೂರು. ಅವಳ ಹೆಸರಿಗೆ ಹಣ ಬಂತು ಎಂಬುದೇ ಒಂದು ಹೊಸ ಮಾತು. ಆದರೆ ಆ ಹಣ ಒಂದು ಮನೆಗೆ ಒಬ್ಬಳಿಗೆ, ಸೊಸೆಗಿಲ್ಲ, ಮಗಳಿಗಿಲ್ಲ. ಬಂದ ಹಣ ಎಷ್ಟೋ ಮನೆಗಳಲ್ಲಿ ಕಂತಿಗೆ ಹೋಗುತ್ತದೆ. ತಿಂಗಳ ಹಣ ಸರ್ಕಾರ ಮನಸ್ಸು ಮಾಡಿದರೆ ಬರುತ್ತದೆ, ತಡಮಾಡಿದರೆ ತಡವಾಗುತ್ತದೆ. ನೆಲದ ಹಕ್ಕು ಹಾಗಲ್ಲ, ಅದನ್ನು ಖಜಾನೆಯಲ್ಲಿ ಹಣವಿಲ್ಲವೆಂದು ತಡೆಯಲಾಗದು.

ಇಲ್ಲಿ ಕೆಲವು ಗೆಳೆಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಬಡವರ ಮನೆಯಲ್ಲಿ ಗಂಡನೂ ಬಡವನೇ. ಅವನ ಹೊಟ್ಟೆಯೂ ತುಂಬಿಲ್ಲ. ಗಂಡ ಹೆಂಡಿರ ನಡುವೆ ಲೆಕ್ಕ ತಂದರೆ ದುಡಿಯುವವರ ಒಗ್ಗಟ್ಟು ಒಡೆಯುವುದಿಲ್ಲವೇ? ಮೊದಲು ಭೂಮಿ, ಬಂಡವಾಳಗಳ ಪ್ರಶ್ನೆ ಬಗೆಹರಿಯಲಿ, ಹೆಣ್ಣಿನ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ.

ತಾನಾಗಿ ಬಗೆಹರಿಯುವುದಿಲ್ಲ ಎಂಬುದಕ್ಕೆ 1974ರ ಭೂಸುಧಾರಣೆಯೇ ಸಾಕ್ಷಿ. ಲೋಹಿಯಾ ಸಪ್ತಕ್ರಾಂತಿಗಳನ್ನು ಹೇಳಿದಾಗ ಮೊದಲು ಹೆಸರಿಸಿದ್ದು ಗಂಡು ಹೆಣ್ಣಿನ ಸಮಾನತೆಯನ್ನು. ನೂರಕ್ಕೆ ಅರವತ್ತು ಎಂದು ವಿಶೇಷ ಅವಕಾಶ ಕೇಳಿದಾಗ ಹಿಂದುಳಿದವರ ಸಾಲಿನಲ್ಲಿ ಎಲ್ಲ ಜಾತಿಯ ಹೆಂಗಸರನ್ನೂ ಸೇರಿಸಿದರು. ಏಳೂ ಕ್ರಾಂತಿಗಳು ಒಟ್ಟಿಗೆ ನಡೆಯಬೇಕು, ಒಂದಕ್ಕಾಗಿ ಇನ್ನೊಂದು ಕಾಯಬೇಕಿಲ್ಲ ಎಂಬುದು ಅವರ ಮಾತಿನ ಸಾರ. ಇನ್ನು ಒಗ್ಗಟ್ಟಿನ ಮಾತು. ಒಬ್ಬರು ಉಂಡ ಮೇಲೆ ಇನ್ನೊಬ್ಬರು ಉಣ್ಣುವ ಒಗ್ಗಟ್ಟು ಎಷ್ಟು ದಿನದ್ದು? ಗಂಡ ಕುಡಿತಕ್ಕೆ ಬಿದ್ದು ಜಮೀನು ಮಾರಲು ಹೊರಟಾಗ ಹೆಂಡತಿಯ ಹೆಸರೂ ಪಹಣಿಯಲ್ಲಿದ್ದರೆ ಅವಳ ರುಜುವಿಲ್ಲದೆ ಮಾರಲಾಗದು. 2020ರಲ್ಲಿ ಭೂಸುಧಾರಣಾ ಕಾನೂನಿನ ಬೇಲಿ ಕಿತ್ತು, ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದೆಂದು ಮಾಡಿದ ಮೇಲೆ ಪಟ್ಟಣದ ಹಣ ಹಳ್ಳಿಗೆ ನುಗ್ಗುತ್ತಿದೆ. ಇಂಥ ಕಾಲದಲ್ಲಿ ಜಂಟಿ ಖಾತೆ ಎಂದರೆ ಸಂಸಾರ ಒಡೆಯುವುದಲ್ಲ, ಸಂಸಾರದ ನೆಲ ಉಳಿಸುವುದು.

ಇನ್ನೊಂದು ಎಚ್ಚರವೂ ಬೇಕು. ಹಳ್ಳಿಯ ಹೆಂಗಸರೆಲ್ಲ ಒಂದೇ ಅಲ್ಲ. ತೋಟದ ಮನೆಯ ಒಡತಿಗೂ ಅವಳ ಮನೆಯಲ್ಲಿ ಅಡಿಕೆ ಸುಲಿಯಲು ಬರುವ ದಲಿತ ಹೆಂಗಸಿಗೂ ಅಂತರವಿದೆ. ಒಡತಿಗೆ ಪಹಣಿಯಲ್ಲಿ ಹೆಸರಿಲ್ಲ. ಕೂಲಿಯವಳ ಮನೆಯಲ್ಲಿ ಪಹಣಿಯೇ ಇಲ್ಲ. ಜಂಟಿ ಖಾತೆ ಎಂಬ ಮಾತು ಕೂಲಿಯವಳಿಗೆ ಖಾಲಿ ಮಾತು. ಅವಳಿಗೆ ಬೇಕಾದ್ದು ನಿವೇಶನ, ಬಗರ್‌ಹುಕುಂ ಸಾಗುವಳಿಯ ಮಂಜೂರಾತಿ, ಸಮಾನ ಕೂಲಿ. ಅರಣ್ಯ ಹಕ್ಕುಗಳ 2006ರ ಕಾನೂನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಹಕ್ಕುಪತ್ರ ಕೊಡಬೇಕೆಂದು ಹೇಳಿದೆ. ಕಾನೂನು ಮಾಡುವವರು ಮನಸ್ಸು ಮಾಡಿದರೆ ಹಾಗೆ ಬರೆಯಬಹುದು ಎಂಬುದಕ್ಕೆ ಅದು ಉದಾಹರಣೆ. ಆದರೆ ಪಾರಂಪರಿಕ ಅರಣ್ಯವಾಸಿಗಳಿಗೆ ಅದೇ ಕಾನೂನು 75 ವರ್ಷಗಳ ದಾಖಲೆ ಕೇಳುವುದರಿಂದ ನಮ್ಮ ಮಲೆನಾಡಿನಲ್ಲಿ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕೃತವಾಗಿವೆ.

ಹಾಗಾದರೆ ಮಾಡಬೇಕಾದ್ದೇನು? ಕಾರ್ಯಕರ್ತರು ಇಲ್ಲಿಂದ ಊರಿಗೆ ಹೋಗಿ ನಾಳೆಯೇ ಹಿಡಿಯಬಹುದಾದ ಕೆಲಸಗಳನ್ನಷ್ಟೇ ಹೇಳುತ್ತೇವೆ.

ಒಂದನೆಯದಾಗಿ, ನಿಮ್ಮ ಪಂಚಾಯತಿಯ ಪ್ರತಿ ಊರಿನಲ್ಲಿ ಪೌತಿಯಾಗದೆ ಉಳಿದ ಖಾತೆಗಳ ಪಟ್ಟಿ ಮಾಡಿ. ವಿಧವೆಯ ಹೆಸರು, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನಿಂತು ಬರೆಸಿ. ಬಗರ್‌ಹುಕುಂ ಮಂಜೂರಾತಿಯಾಗಲಿ, ನಿವೇಶನವಾಗಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಆಗಬೇಕೆಂದು ಒತ್ತಾಯಿಸಿ. ನಮ್ಮ ಸಂಘದ ಸದಸ್ಯರಲ್ಲಿ ಜಮೀನು ಇರುವವರು ತಮ್ಮ ಮನೆಯಿಂದಲೇ ಇದನ್ನು ಆರಂಭಿಸಲಿ. ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವವನು ಸಮಾನತೆಯ ಭಾಷಣಕ್ಕೆ ವೇದಿಕೆ ಹತ್ತಬಾರದು.

ಎರಡನೆಯದಾಗಿ, ನಾಟಿ ಮತ್ತು ಕೊಯ್ಲಿನ ಮೊದಲು ಊರಿನಲ್ಲಿ ಸಭೆ ಸೇರಿಸಿ ಕೂಲಿಯ ದರ ಗೊತ್ತುಮಾಡುವುದುಂಟು. ಆ ಸಭೆಯಲ್ಲಿ ಹೆಣ್ಣಾಳುಗಳು ಕೂರಬೇಕು, ಗಂಡಾಳು ಹೆಣ್ಣಾಳು ಎಂಬ ಎರಡು ದರ ಹೋಗಬೇಕು. ಸಂಘದವರ ಗದ್ದೆಗಳಲ್ಲಿ ಈ ಹಂಗಾಮಿನಿಂದಲೇ ಒಂದು ದರ ಆಗಬೇಕು.

ಮೂರನೆಯದಾಗಿ, ಗ್ರಾಮಸಭೆ. 1983ರ ಪಂಚಾಯತ್ ಕಾನೂನಿನಲ್ಲಿ ಈ ರಾಜ್ಯ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 2010ರಲ್ಲಿ ಅದು 50 ಆಯಿತು. ಸ್ಥಾನ ಬಂದಿದೆ, ಗಂಡಂದಿರು ಕುರ್ಚಿ ಬಿಟ್ಟಿಲ್ಲ. ಅಧ್ಯಕ್ಷೆಯ ಗಂಡ ಸಭೆಗೆ ಬಂದು ಕುಳಿತರೆ ಎದ್ದುಹೋಗುವಂತೆ ಕೇಳಿ. ನೀರು, ಅಂಗನವಾಡಿಯ ಹೊತ್ತು, ಶೌಚಾಲಯದ ನೀರು, ಕೆಲಸ ಕೊಡುವ ತಿಂಗಳು ಇವು ಗ್ರಾಮಸಭೆಯ ಮೊದಲ ವಿಷಯಗಳಾಗಲಿ, ರಸ್ತೆಯ ಕಾಂಕ್ರೀಟು ಆಮೇಲೆ ಬರಲಿ.

ನಾಲ್ಕನೆಯದಾಗಿ, ಸಾಲ. ನಿಮ್ಮೂರಿನ ಹೆಂಗಸರ ತಲೆಯ ಮೇಲೆ ಎಷ್ಟು ಕಂಪನಿಗಳ ಕಂತು ಇದೆ ಎಂದು ಮನೆಮನೆಯಲ್ಲಿ ಕೇಳಿ ಬರೆದುಕೊಳ್ಳಿ. ವಸೂಲಿಗೆ ಬಂದವನು ಬಾಗಿಲಲ್ಲಿ ಕೂತರೆ ಅವಳೊಬ್ಬಳೇ ಎದುರಿಸಬಾರದು, ಊರು ಜೊತೆಗಿರಬೇಕು. ಸಹಕಾರ ಸಂಘಗಳಲ್ಲಿ ಜಮೀನಿಲ್ಲದ ಹೆಂಗಸಿಗೂ ಸದಸ್ಯತ್ವ, ಕಡಮೆ ಬಡ್ಡಿಯ ಸಾಲ ಸಿಗಬೇಕೆಂಬುದು ನಮ್ಮ ಬೇಡಿಕೆಯಾಗಬೇಕು.

ಐದನೆಯದು ಬಲು ಚಿಕ್ಕದು, ಆದ್ದರಿಂದ ಬಲು ಕಷ್ಟ. ಇದಕ್ಕೆ ಅರ್ಜಿ ಬೇಡ, ಕಚೇರಿ ಬೇಡ, ಮೆರವಣಿಗೆ ಬೇಡ. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಇರುವುದನ್ನು ಎಲ್ಲರೆದುರಿಗೆ ಬಡಿಸಿಕೊಳ್ಳಿ. ಪಾತ್ರೆಯಲ್ಲಿ ಕಡಮೆ ಇದ್ದರೆ ಕಡಮೆ ಇದೆ ಎಂದು ಎಲ್ಲರಿಗೂ ತಿಳಿಯಲಿ, ಎಲ್ಲರ ಪಾಲಿಗೂ ಅದು ಬರಲಿ. ಉಂಡ ತಟ್ಟೆಯನ್ನು ಉಂಡವರು ತೊಳೆಯಲಿ. ಇದರಿಂದ ಬಂಡವಾಳಶಾಹಿ ಉರುಳುವುದಿಲ್ಲ, ನಮಗೂ ಗೊತ್ತು. ಆದರೆ ಮನೆಯಲ್ಲಿ ಒಂದು ಕೊಳಗ ಹಿಡಿಯಲಾರದವನು ಊರಿನಲ್ಲಿ ಒಂದು ಕೊಳಗ ಕೇಳಿದರೆ ಯಾರು ನಂಬುತ್ತಾರೆ?

ಹೆಣ್ಣು ಸಂಸಾರದ ಕಣ್ಣು ಎಂದು ನಮ್ಮಲ್ಲೊಂದು ಗಾದೆಯಿದೆ. ಕಣ್ಣೆಂದು ಕರೆದು ಹೊಗೆಯ ಮುಂದೆ ಕೂರಿಸಿದ್ದು ಸಾಕು. ಅವಳಿಗೆ ಬಿರುದು ಬೇಡ. ಅನ್ನದಲ್ಲಿ ಪಾಲು, ದುಡಿಮೆಗೆ ಕೂಲಿ, ನೆಲದಲ್ಲಿ ಹೆಸರು ಬೇಕು. ಮುಂದಿನ ಶಿಬಿರಕ್ಕೆ ನೀವು ಬರುವಾಗ ಎಷ್ಟು ಪಹಣಿಗಳಲ್ಲಿ ಹೆಂಗಸಿನ ಹೆಸರು ಸೇರಿತು, ಎಷ್ಟು ಊರುಗಳಲ್ಲಿ ಕೂಲಿಯ ದರ ಒಂದಾಯಿತು ಎಂಬ ಲೆಕ್ಕ ತನ್ನಿ. ಮತ್ತೆ ಮಾತು ಅಲ್ಲಿಂದ ಮುಂದಕ್ಕೆ.